ಆಂತೋನ್ ನನುತ್ ಅವರಿಗೂ ಜೊತೆಗೆ ಹಾಡಿದವರಿಗೂ ನನ್ನ ನಮನ

ಗಂಟಲಿನ ಶಸ್ತ್ರಚಿಕಿತ್ಸೆಯ ಬಳಿಕ ತಿಂಗಳುಗಟ್ಟಲೆ ದನಿ ಏಳದಿದ್ದ ನಾನು ಕಳೆದ ಭಾನುವಾರ ಸ್ಲೊವೇನಿಯಾದ ರಾಜಧಾನಿ ಲುಬ್ಲಿಯಾನಾದ ನಮ್ಮ ಹವ್ಯಾಸಿ ಗಾಯನವೃಂದದಲ್ಲಿ ಮತ್ತೆ ನಿಂತು ಹಾಡಿದೆ. ಚಿಕಿತ್ಸೆ ನೀಡಿದ ವೈದ್ಯರಿಗೆ, ಮೌನದಿಂದ ಮಾತಿಗೂ ಮಾತಿನಿಂದ ಸ್ವರಕ್ಕೂ ತಾಳ್ಮೆಯಿಂದ ಕರೆತಂದ ವಾಕ್ ಚಿಕಿತ್ಸಕಿಗೆ, ಹಾಡಲಾಗದ ದಿನಗಳಲ್ಲೂ ಅಭ್ಯಾಸಕ್ಕೆ ಕರೆದು ನನ್ನ ಜಾಗವನ್ನು ಹಾಗೆಯೇ ಉಳಿಸಿದ್ದ ಗೆಳತಿಯರಿಗೆ ಹೃತ್ಪೂರ್ವಕ ವಂದನೆಗಳು. ನಾನು ಎಂದೂ ಭೇಟಿಯಾಗದ, 2017ರಲ್ಲಿ ತೀರಿಕೊಂಡ ವಾದ್ಯವೃಂದ ನಿರ್ದೇಶಕ ಆಂತೋನ್ ನನುತ್ ಅವರ ಋಣವೂ ನನ್ನ ಮೇಲಿದೆ.

ಆಂತೋನ್ ನನುತ್ 1932ರಲ್ಲಿ, ಇಂದಿನ ಸ್ಲೊವೇನಿಯಾದ ಸೋಚಾ ನದಿಯ ದಂಡೆಯ ಊರಾದ ಕಾನಾಲ್‌ನಲ್ಲಿ ಹುಟ್ಟಿದರು. ಆ ಸೀಮೆ ಆಗ ಇಟಲಿಯ ಫ್ಯಾಸಿಸ್ಟ್ ಆಳ್ವಿಕೆಯಲ್ಲಿತ್ತು. ಶಾಲೆಗಳಿಂದ ಸ್ಲೊವೇನಿಯನ್ ಭಾಷೆಯನ್ನು ಹೊರಗಟ್ಟಿ, ಗಾಯನ ಸಂಘಗಳನ್ನು ಮುಚ್ಚಿಸಲಾಗಿತ್ತು. 1936ರ ಡಿಸೆಂಬರಿನಲ್ಲಿ ಗೊರಿಜಿಯಾ ಪಟ್ಟಣದ ಬಳಿಯ ಚರ್ಚೊಂದರಲ್ಲಿ ಸ್ಲೊವೇನಿಯನ್ ಗಾಯನ ನಡೆಸಿದ ಲೋಯ್ಝೆ ಬ್ರಾತುಝ್ ಅವರಿಗೆ ಫ್ಯಾಸಿಸ್ಟರು ಬಲವಂತವಾಗಿ ಎಂಜಿನ್ ಎಣ್ಣೆ ಕುಡಿಸಿದರು. ಎರಡು ತಿಂಗಳೊಳಗೆ ಅವರು ಪ್ರಾಣ ಬಿಟ್ಟರು. ಅಂಥ ನೆಲದಲ್ಲಿ ಹುಟ್ಟಿದ ಮಗು ಮುಂದೆ ದೊಡ್ಡ ವಾದ್ಯವೃಂದಗಳನ್ನು ನಡೆಸುವುದರ ಜೊತೆಗೇ, ತನ್ನ ಭಾಷೆಯ ಜನಪದ ಗೀತೆಗಳನ್ನು ದೇಶವಿದೇಶಗಳಲ್ಲಿ ಹಾಡಿದ, ಎಂಟು ಗಂಡುದನಿಗಳ ಸ್ಲೊವೇನಿಯನ್ ಆಕ್ಟೆಟ್ ತಂಡದ ಕಲಾ ನಿರ್ದೇಶಕರೂ ಆದದ್ದು ಅವರ ಬಾಳಿನ ಬಹು ದೊಡ್ಡ ಸಂಗತಿಯೆಂದು ನಾನು ನಂಬಿದ್ದೇನೆ.

ಲುಬ್ಲಿಯಾನಾದ ಸಂಗೀತ ಅಕಾಡೆಮಿಯಲ್ಲಿ ದಾನಿಲೊ ಶ್ವಾರಾ ಅವರ ಬಳಿ ಕಲಿತ ನನುತ್, ಡುಬ್ರೊವ್ನಿಕ್ ನಗರದ ವೃಂದವನ್ನು ನಡೆಸಿ, 1981ರಿಂದ 1998ರವರೆಗೆ ಸ್ಲೊವೇನಿಯಾದ ರೇಡಿಯೊ-ಟೆಲಿವಿಷನ್ ಸಿಂಫನಿ ವೃಂದದ ಮುಖ್ಯ ನಿರ್ದೇಶಕರಾಗಿದ್ದರು. ಆ ವೃಂದದೊಂದಿಗೆ ಅವರು ಮಾಡಿದ ಧ್ವನಿಮುದ್ರಣಗಳು ಅಗ್ಗದ ಸಿಡಿಗಳಾಗಿ ಜಗತ್ತಿನಾದ್ಯಂತ ಹರಡಿದವು. ಅಂಥ ಮಾಲಿಕೆಗಳಲ್ಲಿ ಬದುಕಿಯೇ ಇರದಿದ್ದ ನಿರ್ದೇಶಕರ ಹೆಸರುಗಳನ್ನೂ ಅಚ್ಚು ಹಾಕುತ್ತಿದ್ದುದರಿಂದ, ನನುತ್ ಕೂಡ ಕಲ್ಪಿತ ವ್ಯಕ್ತಿಯೇ ಇರಬೇಕೆಂದು ದೂರದ ಕೆಲವು ಸಂಗ್ರಾಹಕರು ಭಾವಿಸಿದ್ದುಂಟು. ಈ ಅನ್ಯಾಯ ನನ್ನನ್ನು ಈಗಲೂ ನೋಯಿಸುತ್ತದೆ.

ನನ್ನ ಬಳಿ ಇದ್ದ ಸಿಡಿ ಅವರು ನಡೆಸಿಕೊಟ್ಟ, ಚೆಕ್ ಸಂಯೋಜಕ ಡ್ವೋರ್ಜಾಕ್ ಅವರ 9ನೇ ಸಿಂಫನಿಯದು. ಅದರ ಎರಡನೆಯ ಭಾಗದಲ್ಲಿ ಹಿತ್ತಾಳೆಯ ವಾದ್ಯಗಳು ಮೊದಲು ಮೆಲ್ಲಗೆ ಕೆಲವೇ ಸ್ವರಗುಚ್ಛಗಳನ್ನು ನುಡಿಸಿ ಸರಿಯುತ್ತವೆ. ದನಿ ತಗ್ಗಿಸಿದ ತಂತಿವಾದ್ಯಗಳ ಮೇಲೆ, ನಮ್ಮ ಓಲಗದಂತೆಯೇ ಜೋಡಿ ಪೀಪಿಯಿಂದ ನುಡಿಯುವ ಕೋರ್ ಆಂಗ್ಲೇ ಎಂಬ ಊದುವಾದ್ಯ ಒಂಟಿಯಾಗಿ ಹಾಡತೊಡಗುತ್ತದೆ. ಪ್ರತಿ ಸಾಲಿನ ಕೊನೆಗೆ ಆ ವಾದಕರಿಗೆ ಉಸಿರೆಳೆದುಕೊಳ್ಳಲು ನನುತ್ ಅವಸರವಿಲ್ಲದೆ ಎಡೆ ಕೊಡುತ್ತಾರೆ ಎಂದೇ ನನ್ನ ಕಿವಿಗೆ ತೋರುತ್ತದೆ. ಚಿಕಿತ್ಸಕಿ ಹೇಳಿಕೊಟ್ಟ ಉಸಿರಾಟದ ಅಭ್ಯಾಸವನ್ನು ನಾನು ದಿನವೂ ಆ ಸಾಲುಗಳ ಜೊತೆಗೇ ಮಾಡಿದೆ. ಅದನ್ನು ನುಡಿಸಿದ, ಸಿಡಿಯ ಮೇಲೆ ಹೆಸರು ಅಚ್ಚಾಗದ ಆ ವಾದಕರಿಗೂ ವೃಂದದ ಸಮಸ್ತ ಕಲಾವಿದರಿಗೂ ನಾನು ಕೃತಜ್ಞಳಾಗಿದ್ದೇನೆ.