ಬೆಳಕನ್ನು ಅಳೆದು ನಂಬು

ಚಿರಂಜೀವಿ ಪುಟ್ಟಿಗೆ ನಿನ್ನ ಸೋದರಮಾವ ಮಾಡುವ ಆಶೀರ್ವಾದಗಳು.

ಬೆಳಕಿನಿಂದ ವೇಗವರ್ಧಕಗಳನ್ನು ಹತೋಟಿಯಲ್ಲಿಡುವ ವಿಷಯವನ್ನೇ ಪಿಎಚ್.ಡಿ.ಗೆ ಆರಿಸಿಕೊಂಡೆಯಂತೆ, ನಿನ್ನಮ್ಮ ಹೇಳಿದಳು. ಕಾಲೇಜಿನಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸಿಯೇ ಬಾಳಿದ ನನಗೆ ಇದಕ್ಕಿಂತ ಸಂತೋಷದ ಸುದ್ದಿ ಇನ್ನೇನಿದೆ? ಹೊರಡುವ ಮುಂಚೆ ಕೆಲವು ಮಾತು ಹೇಳಬೇಕೆನಿಸಿತು.

ನಿನ್ನ ಕ್ಷೇತ್ರದಲ್ಲಿ ಬೆಳಕು ಎರಡು ಬಗೆಯಾಗಿ ದುಡಿಯುತ್ತದೆ. ನಿನ್ನ ಫ್ಲಾಸ್ಕಿನಲ್ಲಿ ನಡೆಯುತ್ತಿರುವುದು ಯಾವುದೆಂದು ಮೊದಲ ದಿನವೇ ಕೇಳಿಕೋ. ಒಂದು ಬಗೆಯಲ್ಲಿ ಬೆಳಕೇ ಶಕ್ತಿ ಕೊಡುತ್ತದೆ. 2008ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನ ಮ್ಯಾಕ್‌ಮಿಲನ್ ಮತ್ತು ನೈಸ್‌ವಿಚ್ ರುಥೇನಿಯಂ ಬೈಪಿರಿಡಿನ್ ಸಂಕೀರ್ಣವನ್ನೂ ಒಂದು ಸಣ್ಣ ಸಾವಯವ ಅಮೈನನ್ನೂ ಜೊತೆಗೆ ಹಾಕಿ, ಮನೆಯಲ್ಲಿ ಉರಿಸುವಂಥ ಫ್ಲೋರೊಸೆಂಟ್ ದೀಪದಡಿ ಆಲ್ಡಿಹೈಡ್‌ಗೆ ಆಲ್ಕೈಲ್ ಗುಂಪು ಜೋಡಿಸಿದರಲ್ಲ, ಅದು ಈ ಬಗೆ. ಇನ್ನೊಂದರಲ್ಲಿ ಬೆಳಕು ಬೀಗದ ಕೈ ಇದ್ದಹಾಗೆ: ವೇಗವರ್ಧಕದ ಆಕಾರ ಬದಲಿಸಿ ಸರಿಯುತ್ತದೆ, ಮುಂದಿನ ಕ್ರಿಯೆ ತಾನಾಗಿ ನಡೆಯುತ್ತದೆ.

ಈ ಎರಡನೆಯದರ ಅತ್ಯಂತ ಚೆಲುವಾದ ಉದಾಹರಣೆ ನನ್ನ ಪಾಲಿಗೆ ನೆದರ್‌ಲೆಂಡ್ಸ್‌ನ ಗ್ರೋನಿಂಗನ್‌ನ ಫೆರಿಂಗಾ ಅವರ 2011ರ ಕೆಲಸ. ತಿರುಗುವ ಅಣುಮೋಟಾರಿನ ಒಂದು ತುದಿಗೆ ಕ್ಷಾರ ಗುಣದ ಗುಂಪು, ಇನ್ನೊಂದಕ್ಕೆ ಹೈಡ್ರೋಜನ್ ಬಂಧದಿಂದ ಅಣುವನ್ನು ಹಿಡಿಯುವ ಥಯೋಯೂರಿಯಾ. ಎರಡೂ ದೂರವಿದ್ದಾಗ ಸೈಕ್ಲೊಹೆಕ್ಸೆನೋನ್‌ಗೆ ಗಂಧಕವಿರುವ ಥಯಾಲ್ ಸೇರುವುದು ನಿಧಾನ, ಬಲಗೈ ಎಡಗೈ ರೂಪಗಳೆರಡೂ ಸಮಸಮ. ಬೆಳಕು ಬಿದ್ದು ತುದಿಗಳು ಹತ್ತಿರ ಬಂದರೆ ಒಂದು ರೂಪ ಹೆಚ್ಚು. ಆಮೇಲೆ ಬಿಸಿ ಮಾಡಿದರೆ ಅದರ ಕನ್ನಡಿಬಿಂಬ ಹೆಚ್ಚು. ಅನುಪಾತ ಮೂರಕ್ಕೆ ಒಂದರ ಆಸುಪಾಸು, ಅಷ್ಟೇ. ಆದರೂ ಒಂದೇ ಅಣು ಮೂರು ವೇಗವರ್ಧಕಗಳ ಕೆಲಸ ಮಾಡಿತು.

ಇಂಥ ಸ್ವಿಚ್ ಅಣುಗಳಲ್ಲಿ ಒಂದು ತೊಡಕಿದೆ. ಬೆಳಕಿಗೆ ಆಕಾರ ಬದಲಿಸುವ ಅಜೋಬೆಂಜೀನ್‌ಗೆ 365 ನ್ಯಾನೋಮೀಟರಿನ ಬೆಳಕು ಎಷ್ಟೇ ಕೊಟ್ಟರೂ ಎಲ್ಲ ಅಣುವೂ ನೀಳವಾದ ಟ್ರಾನ್ಸ್ ರೂಪ ಬಿಟ್ಟು ಬಾಗಿದ ಸಿಸ್ ರೂಪಕ್ಕೆ ಬರುವುದಿಲ್ಲ. ಅದೇ ಬೆಳಕು ಒಂದಿಷ್ಟನ್ನು ಹಿಂದಕ್ಕೂ ತಳ್ಳುತ್ತದೆ, ಬೆಚ್ಚಗಿದ್ದರೆ ಅವು ತಾವಾಗಿಯೇ ಟ್ರಾನ್ಸ್‌ಗೆ ಮರಳುತ್ತವೆ. ಹಾಗಾಗಿ ‘ಆಫ್’ ಎನ್ನುವ ಸ್ಥಿತಿಯಲ್ಲೂ ಸ್ವಲ್ಪ ವೇಗವರ್ಧಕ ಎಚ್ಚರವಾಗಿಯೇ ಇರಬಹುದು. ಆ ಪಾಲು ಎಷ್ಟೆಂದು ಅಣುರಚನೆ ತೋರಿಸುವ ಎನ್‌ಎಂಆರ್‌ನಲ್ಲಿ ನೋಡದೆ ಮುಂದೆ ಹೋಗಬೇಡ.

ಮೊದಲ ಬಗೆಯಲ್ಲಿ ಮೋಸಹೋಗುವುದು ಇನ್ನೂ ಸುಲಭ. ದೀಪ ಹಚ್ಚಿದಾಗ ಕ್ರಿಯೆ ನಡೆದು ಆರಿಸಿದಾಗ ನಿಂತಿತೆಂದರೆ, ಪ್ರತಿ ಅಣುವಿಗೂ ಒಂದು ಫೋಟಾನ್, ಅಂದರೆ ಬೆಳಕಿನ ಒಂದು ಕಣ, ಬೇಕು ಎಂದು ಬರೆದುಬಿಡುವ ಆಸೆಯಾಗುತ್ತದೆ. ಬರೆಯಬೇಡ. ಒಂದು ಫೋಟಾನ್‌ನಿಂದ ಹುಟ್ಟಿದ ರ್ಯಾಡಿಕಲ್ (ಒಂಟಿ ಎಲೆಕ್ಟ್ರಾನಿನ ಚುರುಕು ಅಣು) ಸರಪಳಿ ಹತ್ತಾರು ಅಣುಗಳನ್ನು ಕಟ್ಟಿ, ದೀಪ ಆರಿದ ಕೂಡಲೇ ಸಾಯಬಹುದು. ಆಗಲೂ ನಿನ್ನ ಗ್ರಾಫಿನಲ್ಲಿ ಅದೇ ಮೆಟ್ಟಿಲು ಕಾಣುತ್ತದೆ. 2015ರಲ್ಲಿ ವಿಸ್ಕಾನ್ಸಿನ್‌ನ ಸಿಸ್ಮೀಸಿಯಾ ಮತ್ತು ಯೂನ್ ಇದನ್ನು ಅಳೆದೇ ನೋಡಿದರು. ನಾನು ಮೇಲೆ ಹೇಳಿದ ಆಲ್ಡಿಹೈಡ್ ಕ್ರಿಯೆಯಲ್ಲಿ ಹೀರಿದ ಒಂದೊಂದು ಫೋಟಾನ್‌ಗೆ ಸುಮಾರು 18 ಅಣುಗಳು ಸಿಕ್ಕವು!

ಬಿದ್ದ ಬೆಳಕನ್ನು ಅಳೆಯಲು ಹಳೆಯ ಪೊಟ್ಯಾಸಿಯಂ ಫೆರಿಆಕ್ಸಲೇಟ್ ವಿಧಾನ ಸಾಕು. ಬೆಳಕು ಬಿದ್ದಷ್ಟು ಫೆರಿಕ್ ಕಬ್ಬಿಣ ಫೆರಸ್ ಆಗುತ್ತದೆ. ಫೆನಾಂತ್ರೊಲಿನ್ ಹಾಕಿ, ಬರುವ ಕಿತ್ತಳೆಗೆಂಪನ್ನು 510 ನ್ಯಾನೋಮೀಟರಿನಲ್ಲಿ ಓದು. ದ್ರಾವಣ ಮಾಡುವಾಗ ಕೋಣೆಯಲ್ಲಿ ಮಂದವಾದ ಕೆಂಪು ದೀಪ ಮಾತ್ರ ಇರಲಿ. ಬೇಸರದ ಕೆಲಸ, ಗೈಡ್ ಅವಸರಪಡಿಸಿಯಾರು. ಆದರೂ ಬಿಡಬೇಡ.

ಕತ್ತಲೆಯ ಕಂಟ್ರೋಲ್ ವೈಯಲನ್ನು, ಅಂದರೆ ಹೋಲಿಕೆಗೆಂದು ಬೆಳಕು ತಾಗದಂತೆ ಇಡುವ ಸೀಸೆಯನ್ನು, ಬೀರುವಿನಲ್ಲಿಡಬೇಡ. ಫಾಯಿಲ್ ಸುತ್ತಿ ಅದೇ ಎಲ್‌ಇಡಿಯ ಮುಂದೆ, ಅದೇ ಫ್ಯಾನಿನ ಗಾಳಿಯಲ್ಲಿ ಇಡು. ಇಲ್ಲವಾದರೆ ದೀಪದ ಬಿಸಿ ಮಾಡಿದ್ದನ್ನು ಬೆಳಕು ಮಾಡಿತೆಂದುಕೊಳ್ಳುತ್ತೀಯೆ. ಆಮ್ಲಜನಕವನ್ನೂ ಚೆನ್ನಾಗಿ ತೆಗೆ, ಉದ್ರೇಕಗೊಂಡ ರುಥೇನಿಯಂ ಅದಕ್ಕೆ ತನ್ನ ಶಕ್ತಿಯನ್ನು ಕೊಟ್ಟುಬಿಡುತ್ತದೆ. ದೊಡ್ಡ ಫ್ಲಾಸ್ಕಿಗೆ ಹೋದಾಗ ಇಳುವರಿ ಕುಸಿದರೆ ಎದೆಗುಂದಬೇಡ. ಬಣ್ಣದ ದ್ರಾವಣದೊಳಗೆ ಬೆಳಕು ಹೆಚ್ಚು ಆಳಕ್ಕೆ ಇಳಿಯುವುದಿಲ್ಲ, ಸಣ್ಣ ಕೊಳವೆಯಲ್ಲಿ ಹರಿಸಿ ನೋಡು.

ಕಣ್ಣಿನ ಬಗ್ಗೆ ಮಾತ್ರ ನನ್ನ ಮಾತು ಮೀರಬೇಡ. ನೀಲಿ ಎಲ್‌ಇಡಿಯನ್ನು ಬರಿಗಣ್ಣಿನಿಂದ ನೋಡಕೂಡದು, ಕಿತ್ತಳೆ ಬಣ್ಣದ ಕನ್ನಡಕ ಹಾಕಿಕೋ.

ಫೆರಿಆಕ್ಸಲೇಟ್ ಅಳತೆಯ ಮೊದಲ ಅಂಕಿ ಬಂದಾಗ ನನಗೆ ಬರೆ. ದೀಪದಿಂದ ವೈಯಲ್ ಎಷ್ಟು ಸೆಂಟಿಮೀಟರ್ ದೂರವಿತ್ತು ಎಂಬುದನ್ನೂ ಸೇರಿಸು.

ಇತಿ ನಿನ್ನ ಮಾವ