ಕ್ಯಾಸೆಟ್ಟಿನ ಎರಡು ಮಗ್ಗುಲು

ಹನುಮಂತನಗರ, ಬೆಂಗಳೂರು

ಪುಟ್ಟಿ,

ಮೊನ್ನೆ "ಯೋಚನೆ ಮಾಡಿ ಹೇಳ್ತೀನಿ" ಅಂತ ಫೋನ್ ಇಟ್ಟುಬಿಟ್ಟೆ. ಬೇಜಾರು ಮಾಡಿಕೊಳ್ಳಬೇಡ. ಅಪ್ಪ ಮಸ್ಕತ್‌ನಿಂದ ಬರೆದ ಕಾಗದಗಳನ್ನೆಲ್ಲ ಕೊಡು, ಆರ್ಟ್ ಕಾಲೇಜಿನ ಫೈನಲ್ ಇಯರ್ ಡಿಸ್‌ಪ್ಲೇಗೆ ಗೋಡೆ ತುಂಬಾ ಅಂಟಿಸ್ತೀನಿ, ನಡುವೆ ಕೆಂಪು ದಾರ ಎಳೀತೀನಿ ಅಂದೆಯಲ್ಲ, ನನಗೆ ಏನು ಹೇಳಬೇಕೋ ತೋಚಲಿಲ್ಲ. ರಾತ್ರಿ ಮಂಚದ ಕೆಳಗಿನ ಟ್ರಂಕು ಎಳೆದುಕೊಂಡು ಕೂತೆ.

ಎಲ್ಲವನ್ನೂ ಓದಿದೆ. ನೀನು ಹುಡುಕುತ್ತಿರುವ ವಿರಹ ಅವುಗಳಲ್ಲಿ ಜಾಸ್ತಿ ಇಲ್ಲ ಕಣೇ. ಬ್ಯಾಂಕ್ ಡ್ರಾಫ್ಟ್ ಕೈಗೆ ಬಂತಾ, ಸಿಲಿಂಡರ್ ಬುಕ್ ಮಾಡಿದ್ಯಾ, ಅಮ್ಮನ ಕಣ್ಣು ತೋರಿಸಿದ್ಯಾ, ಇಷ್ಟೇ. ಪ್ರೀತಿ ಇದ್ದದ್ದು ಆ ವಿಚಾರಣೆಯಲ್ಲೇ. ಆದರೆ ಬರೋಡಾದಲ್ಲಿ ನಿನ್ನ ಗೋಡೆ ಮುಂದೆ ನಿಲ್ಲುವವರಿಗೆ ಕನ್ನಡ ಓದೋಕೆ ಬರಲ್ಲ. ಬರೀ ಹಳೇ ಕಾಗದ ಕಾಣುತ್ತೆ. ಮತ್ತೆ ಅವು ಅಪ್ಪ ನನಗೊಬ್ಬಳಿಗೇ ಅಂತ ಬರೆದದ್ದು. ಅವರನ್ನು ಕೇಳದೆ ಒಂದನ್ನೂ ಕೊಡಲ್ಲ.

ಟ್ರಂಕಿನ ತಳದಲ್ಲಿ ಒಂದು ಹಳೇ ಕ್ಯಾಸೆಟ್ ಸಿಕ್ಕಿತು. ಅದರ ಕಥೆ ನಿನಗೆ ಗೊತ್ತಿಲ್ಲ.

ಆಗ ನಮ್ಮ ಮನೆಯಲ್ಲಿ ಫೋನ್ ಇರಲಿಲ್ಲ. ಓನರ್ ಮನೆಯದೇ ನಮಗೆ ಪಿ.ಪಿ. ನಂಬರ್, ಅಂದರೆ ನಮ್ಮ ಫೋನ್ ಅಲ್ಲಿಗೆ ಬಂದರೆ ಅವರು ನಮ್ಮನ್ನು ಕರೆಯುತ್ತಿದ್ದರು. ಒಮಾನ್‌ನಲ್ಲಿ ಆಗ ಗುರುವಾರ, ಶುಕ್ರವಾರ ರಜೆ. ಶುಕ್ರವಾರ ಬೆಳಿಗ್ಗೆ ಅಲ್ಲಿ ಏಳೂವರೆ ಅಂದರೆ ಇಲ್ಲಿ ಒಂಬತ್ತು. ಓನರ್ ಆಂಟಿ ಕೆಳಗಿನಿಂದ "ಮಸ್ಕತ್ ಫೋನೂ" ಅಂತ ಕೂಗಿದ ತಕ್ಷಣ ನಿನ್ನನ್ನು ಸೊಂಟಕ್ಕೆ ಹಾಕಿಕೊಂಡು ಮೆಟ್ಟಿಲಿಳಿದು ಓಡುತ್ತಿದ್ದೆ. ಹಾಲ್‌ನಲ್ಲಿ ಅವರ ಮನೆಯವರೆಲ್ಲ ತಿಂಡಿ ತಿನ್ನುತ್ತಾ ಕೂತಿರುತ್ತಿದ್ದರು. ತುಂಬಾ ಒಳ್ಳೆಯ ಜನ. ಆದರೂ ಅವರ ಮುಂದೆ ಏನಂತ ಮಾತಾಡಲಿ? "ಚೆನ್ನಾಗಿದೀಯಾ?" ಹ್ಞೂಂ. "ಊಟ ಸರಿಯಾಗಿ ಮಾಡ್ತಿದೀಯಾ?" ಹ್ಞೂಂ. "ಅಳ್ತಿದೀಯಾ?" ಅದಕ್ಕೂ ಹ್ಞೂಂ. ಅಷ್ಟರಲ್ಲಿ ಕಾರ್ಡಿನ ದುಡ್ಡು ಮುಗಿದು ಲೈನ್ ಕಟ್.

ಅದಕ್ಕೇ ಕ್ಯಾಸೆಟ್ ಶುರುವಾಗಿದ್ದು. 60 ನಿಮಿಷದ್ದು. ಎ ಸೈಡ್ 30 ನಿಮಿಷ ನನಗೆ, ಬಿ ಸೈಡ್ ಅಪ್ಪನಿಗೆ. ರಜೆಗೆ ಬಂದು ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ, ಇನ್ಯಾರದೋ ಕೈಯಲ್ಲಿ ವಾಪಸ್ ಬರುತ್ತಿತ್ತು.

ಇವತ್ತು ಅದನ್ನು ಎಸ್.ಪಿ. ರೋಡ್‌ಗೆ ತೊಗೊಂಡು ಹೋದೆ. ರಿಪೇರಿ ಅಂಗಡಿಯ ಹುಡುಗ ಪೆನ್ಸಿಲ್ ತೂರಿಸಿ ಸಡಿಲವಾಗಿದ್ದ ಟೇಪನ್ನು ಮೆಲ್ಲಗೆ ಬಿಗಿ ಮಾಡಿ, ಹಳೇ ಪ್ಲೇಯರ್‌ಗೆ ಹಾಕಿದ. ಮೊದಲು ಸುಮ್ನೆ ಸರಸರ ಸದ್ದು. ಆಮೇಲೆ ನಮ್ಮ ಕುಕ್ಕರ್ ಕೂಗಿತು. ನನಗೆ ನೆನಪಾಯಿತು, ಅವತ್ತು ಮಾತು ಹೊರಡದೆ ಬಟನ್ ಒತ್ತಿ ಅಡುಗೆಮನೆಗೆ ಹೋಗಿದ್ದೆ. ಸೊಪ್ಪಿನಜ್ಜಿ "ದಂಟಿನ್ ಸೊಪ್ಪೋ, ಮೆಂತ್ಯ ಸೊಪ್ಪೋ" ಅಂತ ಬೀದಿಯ ಆ ತುದಿಯಿಂದ ಬರುತ್ತಾಳೆ, ಕಿಟಕಿ ದಾಟುತ್ತಾಳೆ, ದೂರವಾಗುತ್ತಾಳೆ. ನೀನು ಅಳುತ್ತೀಯ. ಅದು 1999, ನಿನಗೆ ಎಂಟು ತಿಂಗಳು. ಕೊನೆಯಲ್ಲಿ ನಾನು "ಇಷ್ಟೇ ರೀ, ಸೈಡ್ ಮುಗೀತು" ಅಂತೀನಿ.

ತಿರುಗಿಸಿ ಹಾಕಿದ. ಹಿಂದೆ ಎಸಿ ಗುಂಯ್ ಅನ್ನುತ್ತಿದೆ. ಅಪ್ಪನ ಮೊದಲ ಮಾತು: "ಸೊಪ್ಪಿನಜ್ಜಿ ಬರೋದನ್ನ ಎಷ್ಟು ಸಲ ಹಿಂದಕ್ಕೆ ತಿರುಗಿಸಿ ಕೇಳಿದೆನೋ, ಲೆಕ್ಕ ಇಲ್ಲ."

ಅಂಗಡಿಯಲ್ಲೇ ಸ್ಟೂಲ್ ಎಳೆದುಕೊಂಡು ಕೂತುಬಿಟ್ಟೆ. ಆ ಹುಡುಗ ಇನ್ನೊಂದು ವಿಷಯ ಹೇಳಿದ. ಆ ಟೇಪಿನ ಅಗಲ ನಾಲ್ಕು ಮಿಲಿಮೀಟರೂ ಇಲ್ಲವಂತೆ. ಅಷ್ಟರಲ್ಲೇ ಎರಡೂ ಸೈಡ್ ಅಕ್ಕಪಕ್ಕ ಇರುತ್ತವೆ, ಆದರೆ ಒಂದು ಈ ಕಡೆಯಿಂದ ಓಡುತ್ತೆ, ಇನ್ನೊಂದು ಆ ಕಡೆಯಿಂದ. ಎ ಸೈಡ್ ಮುಗಿಯುವ ಜಾಗದಲ್ಲೇ ಬಿ ಸೈಡ್ ಶುರು. ಅಂದರೆ ನನ್ನ ಕೊನೆಯ ಮಾತು ಮತ್ತು ಅಪ್ಪನ ಮೊದಲ ಮಾತು ಒಂದಕ್ಕೊಂದು ತಾಗಿಕೊಂಡ ಹಾಗೆ ಇಷ್ಟು ವರ್ಷ ಟ್ರಂಕಿನಲ್ಲಿದ್ದವು.

ಪುಟ್ಟಿ, ನಿನ್ನ ಪ್ರಾಜೆಕ್ಟ್ ಇದು ಅನ್ನಿಸುತ್ತೆ ನನಗೆ. ಕಲಾವಿದ ಫೆಲಿಕ್ಸ್ ಗೊನ್ಸಾಲೆಸ್ ಟೋರೆಸ್ ಅವರ ಎರಡು ಗಡಿಯಾರ ತೋರಿಸಿದ್ದೆಯಲ್ಲ? ಅಕ್ಕಪಕ್ಕ ತೂಗುಹಾಕಿ ಒಂದೇ ಟೈಮಿಗೆ ಇಟ್ಟರೂ, ಬ್ಯಾಟರಿ ಇಳಿದ ಹಾಗೆ ಒಂದು ಹಿಂದೆ ಬೀಳುತ್ತೆ. ತಾವು ಪ್ರೀತಿಸಿದವನು ಕಾಯಿಲೆ ಬಿದ್ದಿದ್ದಾಗ ಅವರು ಮಾಡಿದ್ದು ಅಂದಿದ್ದೆ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅದರಲ್ಲಿ ಅವರು ಕಾಗದಗಳನ್ನು ಅಂಟಿಸಲಿಲ್ಲ. ಗಡಿಯಾರ ಇಟ್ಟರು, ಅಷ್ಟೇ. ಅಲ್ವಾ?

ಹಾಗೇ ನೀನೂ ಉದ್ದದ ಕಾರಿಡಾರ್ ಒಂದನ್ನು ಕೇಳು. ಒಂದು ತುದಿಯ ಸ್ಪೀಕರಿನಲ್ಲಿ ನಮ್ಮ ಬೀದಿ, ಇನ್ನೊಂದರಲ್ಲಿ ಅಪ್ಪನ ರೂಮು. ನಡುವೆ ನಿಂತವರಿಗೆ ಎರಡೂ ಅರ್ಧಂಬರ್ಧ ಕೇಳಲಿ. ಎಸಿ ಸದ್ದನ್ನು ಮಾತ್ರ ಕ್ಲೀನ್ ಮಾಡಿಸಬೇಡ. ಅಪ್ಪ ಐದು ವರ್ಷ ಅದರ ಜೊತೆಗೇ ಮಲಗಿ ಎದ್ದವರು. ಕೆಂಪು ದಾರ ಬೇಡ ಅಂತ ನನ್ನ ಅಭಿಪ್ರಾಯ, ನಿನ್ನ ಗೈಡ್ ಏನಂತಾರೋ ನೋಡು. ಓನರ್ ಮನೆಯ ಆ ಹ್ಞೂಂಗಳು ಬೇಕಿದ್ದರೆ ಬಾ, ಈಗ ಕೂತು ರೆಕಾರ್ಡ್ ಮಾಡಿಕೊಡ್ತೀನಿ.

ಹುಡುಗ ಪೆನ್‌ಡ್ರೈವ್‌ಗೆ ಹಾಕಿಕೊಟ್ಟಿದ್ದಾನೆ. ಕ್ಯಾಸೆಟ್ಟನ್ನು ಕೊರಿಯರ್‌ನಲ್ಲಿ ಕಳಿಸೋಕೆ ನನಗೆ ಮನಸ್ಸಿಲ್ಲ, ದೀಪಾವಳಿಗೆ ಬಂದಾಗ ನೀನೇ ತೊಗೊಂಡು ಹೋಗು. ಸ್ಪೀಕರಿಗೆ ದುಡ್ಡು ಎಷ್ಟಾಗುತ್ತೆ ಅಂತ ತಿಳಿಸು.

ಅಪ್ಪನಿಗೆ ಇನ್ನೂ ಏನೂ ಹೇಳಿಲ್ಲ. ನೀನೇ ಕೇಳಬೇಕು. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡು. ನಾನು ಪಕ್ಕದಲ್ಲೇ ಕೂತಿರ್ತೀನಿ.

ನಿನ್ನ
ಅಮ್ಮ