ದಿನಕ್ಕೆ ನಾನೇ ಸಾಲುತ್ತಿಲ್ಲ ಅಂತ ಬರೆದವಳಿಗೆ

ಚಿ. ಪುಟ್ಟಿಗೆ ನಿನ್ನ ಮಾವನ ಆಶೀರ್ವಾದಗಳು.

ಊರಿನ ಸುದ್ದಿ, ಮಳೆ ಸುದ್ದಿ, ನನ್ನ ಮಂಡಿನೋವಿನ ಸುದ್ದಿ ಎಲ್ಲವನ್ನೂ ನಿಮ್ಮಮ್ಮ ದಿನಾ ಫೋನಿನಲ್ಲಿ ನಿನಗೆ ಒಪ್ಪಿಸುತ್ತಾಳೆ. ಅದನ್ನೇ ಮತ್ತೆ ಬರೆಯುವುದಿಲ್ಲ. ನಿನ್ನ ಇನ್‌ಲ್ಯಾಂಡ್ ಮಂಗಳವಾರ ಸಿಕ್ಕಿತು. 2.50 ರೂಪಾಯಿಯ ಆ ನೀಲಿ ಕಾಗದವನ್ನು ಬೆಂಗಳೂರಿನಲ್ಲಿ ಹುಡುಕಿ ತಂದು ಬರೆದೆಯಲ್ಲ, ಅಂಚೆ ಕಚೇರಿಯಲ್ಲಿ ಜೀವ ಸವೆಸಿದವನಿಗೆ ಇನ್ನೇನು ಮರ್ಯಾದೆ ಬೇಕು ಹೇಳು. ಕೊನೆಯಲ್ಲಿ ಎರಡು ಸಾಲು ಬರೆದು ಗೀಚಿ ಹಾಕಿದ್ದೀಯ. ಅದರ ವಿಷಯ ಆಮೇಲೆ.

ನನ್ನ ನಿದ್ದೆ ಕೆಡಿಸಿದ್ದು ಮಡಿಕೆಯ ಹತ್ತಿರ ಇದ್ದ ಇನ್ನೊಂದು ಸಾಲು. "ಮೊದಲು ದಿನ ಸಾಲುತ್ತಿಲ್ಲ ಅಂದುಕೊಂಡಿದ್ದೆ ಮಾವ. ಈಗ ದಿನಕ್ಕೆ ನಾನೇ ಸಾಲುತ್ತಿಲ್ಲ ಅನ್ನಿಸುತ್ತಿದೆ."

ದಿನ ಸಾಲುತ್ತಿಲ್ಲ ಅನ್ನುವುದು ಎಲ್ಲರೂ ಹೇಳುವ ಮಾತು. ನಿಮ್ಮತ್ತೆ ಈಗಲೂ ದಿನಕ್ಕೆರಡು ಸಲ ಹೇಳುತ್ತಾಳೆ. ಅದರ ಹಿಂದೆಯೇ ಬಂದ ಮಾತು ಓದಿ ಎದೆ ಧಸಕ್ ಅಂತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದೆ. ಅದೇ ಇತ್ತು.

ನಿನ್ನ ಪ್ಲಾನರಿನ ಫೋಟೋವನ್ನು ನಿಮ್ಮಮ್ಮ ನನಗೂ ಕಳಿಸಿದ್ದಳು, "ನೋಡಣ್ಣ ಎಷ್ಟು ಶಿಸ್ತು" ಅಂತ. ದೊಡ್ಡದು ಮಾಡಿ ನೋಡಿದೆ. ಬೆಳಿಗ್ಗೆ 4.30ರಿಂದ ರಾತ್ರಿ 11.30ರವರೆಗೆ ಅರ್ಧ ಗಂಟೆಗೊಂದು ಮನೆ. ಒಟ್ಟು 38 ಮನೆ, ಎಣಿಸಿದೆ. ಒಂದೂ ಖಾಲಿ ಇಲ್ಲ. ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಹೋಗುವ ಹೊತ್ತಿನಲ್ಲೂ 'ರಿವಿಷನ್' ಅಂತ ಬರೆದಿದ್ದೀಯ. ಆ ನೂಕುನುಗ್ಗಲಿನಲ್ಲಿ ಒಂದು ಕೈಯಲ್ಲಿ ಕಂಬಿ, ಒಂದು ಕೈಯಲ್ಲಿ ಬ್ಯಾಗು ಹಿಡಿದವಳು ಪುಸ್ತಕವನ್ನು ಯಾವ ಕೈಯಲ್ಲಿ ಹಿಡಿಯುತ್ತೀಯ? ಆದ ಕೆಲಸಕ್ಕೆ ಹಸಿರು ಗುರುತು, ಆಗದ್ದಕ್ಕೆ ಕೆಂಪು ಗೆರೆ. ಹಾಳೆ ತುಂಬ ಕೆಂಪು. ಕೆಳಗಡೆ 'ಮಾವನಿಗೆ ಕಾಗದ' ಅಂತ ಒಂದಿತ್ತು. ಅದರ ಪಕ್ಕ ಮೂರು ಬಾಣ. ಮೂರು ದಿನದಿಂದ ನಾಳೆಗೆ, ನಾಳೆಗೆ ಅಂತ ದೂಡಿಕೊಂಡು ಬಂದದ್ದು. ನಗು ಬಂತು. ಆಮೇಲೆ, ನಾನೂ ಈ ಹುಡುಗಿಗೆ ಒಂದು ಕೆಂಪು ಗೆರೆ ಆದೆನಲ್ಲ ಅಂತ ಬೇಜಾರೂ ಆಯಿತು.

ಬುದ್ಧಿ ಹೇಳುತ್ತಾನೆ ಮುದುಕ ಅಂತ ಈಗಲೇ ಮುಖ ಸಿಂಡರಿಸಬೇಡ. ವಿಶ್ವೇಶ್ವರಯ್ಯನವರ ಸಮಯಪಾಲನೆಯ ಕಥೆ ಹೇಳುವುದಿಲ್ಲ, ಅದನ್ನು ಶಾಲೆಯಲ್ಲೇ ಕೇಳಿ ಸಾಕಾಗಿರುತ್ತದೆ. ನನಗೆ ಗೊತ್ತಿರುವುದು ಅಂಚೆ ಒಂದೇ. ಅಂಚೆಯವನಿಗೆ ಜಗತ್ತೆಲ್ಲ ಅಂಚೆಯೇ, ಸಹಿಸಿಕೊ.

ನಾನು ಕೆಲಸಕ್ಕೆ ಸೇರಿದ ಹೊಸತು. ನಮ್ಮ ಸಬ್ ಆಫೀಸಿನಲ್ಲಿ ಒಬ್ಬ ಹಿರಿಯ ಪೋಸ್ಟ್‌ಮನ್ ಇದ್ದರು. ಬೆಳಿಗ್ಗೆ ತಮ್ಮ ಬೀಟಿನ ಕಾಗದ ಜೋಡಿಸಿಕೊಂಡು ಹೋದರೆ ಮಧ್ಯಾಹ್ನ ಮೂರರ ಹೊತ್ತಿಗೆ ವಾಪಸ್. ಮಳೆಗಾಲದ ಒಂದು ದಿನ 11 ಕಾಗದ ಹಾಗೇ ಹಿಂದಕ್ಕೆ ತಂದರು. ನನಗೆ ಅಧಿಕಾರದ ಹುರುಪು. "ಏನ್ರೀ ಇದು, ಇಷ್ಟೊಂದು ವಾಪಸ್?" ಅಂದೆ. ಅವರು ಕೊಡೆ ಮಡಚುತ್ತಾ, "ಹಳ್ಳಕ್ಕೆ ನೀರು ನಾನು ಬಿಟ್ಟೆನಾ ಸಾರ್?" ಅಂದರು. ಒಂದೊಂದು ಕಾಗದದ ಬೆನ್ನಿಗೂ ಕಾರಣ ಬರೆದಿದ್ದರು. 'ಮನೆಗೆ ಬೀಗ.' 'ಊರಲ್ಲಿಲ್ಲ.' 'ಹಳ್ಳ ತುಂಬಿದೆ.' ಸಹಿ ಹಾಕಿ ನನ್ನ ಮೇಜಿನ ಮೇಲಿಟ್ಟು ಚಹಾ ಕುಡಿಯಲು ಹೋದರು. 11 ಕಾಗದ ಹಂಚಲಾಗಲಿಲ್ಲ ಅಂತ ಆ ಮನುಷ್ಯ ಒಂದು ರಾತ್ರಿಯೂ ನಿದ್ದೆಗೆಟ್ಟವರಲ್ಲ. ನಾನೇ ಪೋಸ್ಟ್‌ಮನ್ ಕೆಲಸಕ್ಕೆ ಸಾಲುವುದಿಲ್ಲ ಅಂತ ಯಾರಿಗೂ ಕಾಗದ ಬರೆದವರೂ ಅಲ್ಲ.

ನಿನ್ನ ಕೆಂಪು ಗೆರೆಗಳ ಪಕ್ಕ ಕಾರಣವೇ ಇಲ್ಲ ಪುಟ್ಟಿ. ಅದನ್ನೇ ನಾನು ಮತ್ತೆ ಮತ್ತೆ ಯೋಚಿಸುತ್ತಿದ್ದೇನೆ. ಕಾರಣ ಬರೆಯದಿದ್ದರೆ ತಪ್ಪೆಲ್ಲ ನಿನ್ನ ತಲೆಗೇ ಬರುತ್ತದೆ. ಆಫೀಸಿನಲ್ಲಿ ಜುಲೈ ಬಂದರೆ ರಿಟರ್ನ್ಸ್ ಗಲಾಟೆ, ಸೆಪ್ಟೆಂಬರ್ ಬಂದರೆ ಆಡಿಟ್ ಗಲಾಟೆ ಅಂತ ನೀನೇ ಹೇಳುತ್ತೀಯ. 'ಹಳ್ಳ ತುಂಬಿದೆ' ಅಂತ ಒಂದು ಮಾತು ಬರೆ. ಸೋಮಾರಿತನಕ್ಕೆ ಆಗದಿದ್ದರೆ 'ಸೋಮಾರಿತನ' ಅಂತಲೇ ಬರೆ, ಅದೂ ಒಂದು ಕಾರಣವೇ. ವಾರ ಕಳೆದ ಮೇಲೆ ನೋಡಿದರೆ ಎಷ್ಟು ಹಳ್ಳ, ಎಷ್ಟು ಬೀಗ, ಎಷ್ಟು ನೀನು ಅಂತ ಗೊತ್ತಾಗುತ್ತದೆ. ನೀನು ಅಂದುಕೊಂಡಷ್ಟು ನೀನು ಇರುವುದಿಲ್ಲ ಅಂತ ನನ್ನ ನಂಬಿಕೆ.

ಇನ್ನೊಂದು. ಹಂಚಲಾಗದ ಕಾಗದವನ್ನು ನಾವು ಡೆಪಾಸಿಟ್‌ನಲ್ಲಿ, ಅಂದರೆ ಆಫೀಸಿನಲ್ಲೇ ತೆಗೆದು, ಇಡುತ್ತಿದ್ದೆವು. ಅದಕ್ಕೆ ಏಳು ದಿನದ ಗಡುವು. ಅಷ್ಟರಲ್ಲಿ ಯಾರೂ ಬಂದು ಬಿಡಿಸಿಕೊಳ್ಳದಿದ್ದರೆ ಕಳಿಸಿದವರಿಗೇ ವಾಪಸ್. ನಿನ್ನ ಬಾಣಗಳಿಗೆ ಗಡುವೇ ಇಲ್ಲ. 'ಯೋಗ' ಅಂತ ಬರೆದದ್ದು ಯಾವ ಕಾಲದಿಂದ ದೂಡಿಕೊಂಡು ಬರುತ್ತಿದೆಯೋ. ಏಳು ದಿನ ದೂಡಿದ ಕೆಲಸವನ್ನು ಕಳಿಸಿದವರಿಗೆ ವಾಪಸ್ ಮಾಡಿಬಿಡು. ಯಾರು ಕಳಿಸಿದ್ದು? ನೀನೇ ತಾನೇ? ನಿನ್ನನ್ನೇ ಕೇಳಿಕೊ, ಇದು ನಿಜವಾಗಿ ಬೇಕಾ ಅಂತ. ಬೇಕಾದರೆ ಹೊಸ ಅಂಚೆಚೀಟಿ ಹಚ್ಚಿ ಮತ್ತೆ ಹಾಕು. ಸಿಎ ಓದುವವಳಿಗೆ ಅಂಚೆ ನಿಯಮ ಹೇಳುತ್ತಿದ್ದೇನೆ, ನಗಬೇಡ.

ಅಷ್ಟಕ್ಕೂ ಬಾಕಿ ಅಂದರೆ ಏನು ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಇವತ್ತಿನ ಆಖೈರು ಶಿಲ್ಕು, ಅಂದರೆ ದಿನದ ಕೊನೆಗೆ ಉಳಿದದ್ದು, ನಾಳೆಯ ಆರಂಭ ಶಿಲ್ಕು. ಪುಸ್ತಕದಲ್ಲಿ ಅದನ್ನು ಕಂಡರೆ ನೀನು ಸುಮ್ನೆ ಮುಂದಿನ ಪುಟಕ್ಕೆ ಬರೆದುಕೊಳ್ಳುತ್ತೀಯ. ಸ್ವಂತ ದಿನದಲ್ಲಿ ಕಂಡರೆ ಅಳುತ್ತೀಯ. ನಿನ್ನ ಪರೀಕ್ಷೆ ಕೂಡ ಒಂದು ಪೇಪರಿಗೆ 40, ಎಲ್ಲ ಸೇರಿ 50 ಪರ್ಸೆಂಟ್ ಬಂದರೆ ಪಾಸು ಅನ್ನುತ್ತದೆ. ಅಷ್ಟು ಕಠಿಣ ಪರೀಕ್ಷೆ ಕೇಳುವುದು ಅಷ್ಟು. ನಿನ್ನ ಪ್ಲಾನರು ಮಾತ್ರ ದಿನಾ ನೂರಕ್ಕೆ ನೂರು ಕೇಳುತ್ತದೆ. ಅಂಥ ಪ್ಲಾನರಿಗೆ ಯಾರು ಸಾಲುತ್ತಾರೆ?

ಇಷ್ಟೆಲ್ಲ ಹೇಳುವ ನಾನೇನು ದೊಡ್ಡ ಜಾಣನಲ್ಲ. ಒಂದು ಬೆಳಿಗ್ಗೆ ಮುದ್ರೆಯ ತಾರೀಖು ಬದಲಿಸುವುದನ್ನೇ ಮರೆತಿದ್ದೆ. ದಿನಾ ಬೆಳಿಗ್ಗೆ ಹಳೆಯ ತಾರೀಖಿನ ಅಚ್ಚು ತೆಗೆದು, ಹೊಸದು ಕೂರಿಸಿ, ಪುಸ್ತಕದಲ್ಲಿ ಒಂದು ಸಲ ಒತ್ತಿ ನೋಡಿ ಆಮೇಲೆ ಕೆಲಸ ಶುರು ಮಾಡಬೇಕು. ಹಿಂದಿನ ದಿನ ಲೆಕ್ಕದಲ್ಲಿ ಏನೋ ತಪ್ಪಿತ್ತು, ತಲೆ ಅಲ್ಲೇ ಇತ್ತು. ಹತ್ತೂವರೆಯವರೆಗೂ ಎಲ್ಲ ಕಾಗದಕ್ಕೂ ನಿನ್ನೆಯ ತಾರೀಖು ಹೊಡೆದೆ. ಬೈಸಿಕೊಂಡೆ, ನ್ಯಾಯವಾಗಿಯೇ. ನೀನು ಬೆಳಿಗ್ಗೆ ಎದ್ದ ತಕ್ಷಣ ನಿನ್ನೆಯ ಕೆಂಪು ಗೆರೆಗಳನ್ನು ಹೊಸ ಹಾಳೆಗೆ ಇಳಿಸಿಕೊಳ್ಳುತ್ತೀಯಲ್ಲ, ಅದನ್ನು ನೋಡಿ ಇದು ನೆನಪಾಯಿತು. ಬಾಕಿ ಲೆಕ್ಕ ರಾತ್ರಿಯೇ ಮುಗಿಸಿಕೊ, ಹತ್ತು ನಿಮಿಷ ಸಾಕು. ಬೆಳಿಗ್ಗೆ ಮಾಡಬೇಡ. ಬೆಳಿಗ್ಗೆ ಮೊದಲು ಕಾಫಿ ಕುಡಿ.

ಆ ಸಾಲಿಗೇ ಮತ್ತೆ ಬರುತ್ತೇನೆ, ಬಿಡಲಾಗುತ್ತಿಲ್ಲ. 'ನಾನೇ ಸಾಲುತ್ತಿಲ್ಲ.' ಇದನ್ನು ನಾನು ಬಾಯಿಬಿಟ್ಟು ಹೇಳಿದವನಲ್ಲ. ಆದರೆ ಹಾಗೆ ಅಂದುಕೊಂಡೇ ಎಷ್ಟೋ ವರ್ಷ ಬದುಕಿದೆ. ಅದಕ್ಕೇ ಹೆದರಿಕೆ.

ನಿಮ್ಮಜ್ಜನ ಕೊನೆಗಾಲದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು, ಅದು ಬೇಡ. ಇದು ಅದಕ್ಕೂ ಎರಡು ವರ್ಷ ಮೊದಲು, 1991ರ ಬೇಸಿಗೆ. ಯಾರಿಗೂ ಹೇಳಿಲ್ಲ. ಅಪ್ಪ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಆಫೀಸಿಗೆ ಬಂದರು. ಬಗಲಲ್ಲಿ ಹಲಸಿನ ಹಪ್ಪಳದ ಕಟ್ಟು. ಕೌಂಟರಿನ ಎದುರಿನ ಬೆಂಚಿನ ಮೇಲೆ ಕೂತರು. ಟಪಾಲು ಒಯ್ಯುವ ಮೇಲ್ ಬಸ್ಸು 3.40ಕ್ಕೆ. ಅಷ್ಟರಲ್ಲಿ ಬ್ಯಾಗಿಗೆ ಅರಗು ಹಾಕಿ ಕಟ್ಟಬೇಕು. ಆವತ್ತೇ ಕ್ಯಾಶಿನಲ್ಲಿ 70 ರೂಪಾಯಿ ಕಡಿಮೆ. ಎರಡು ಸಲ ಎಣಿಸಿದೆ, ಮೂರು ಸಲ ಎಣಿಸಿದೆ. ಅಪ್ಪ "ಮಾಣಿ, ಒಂದು ಮಾತು" ಅಂದರು. "ಬ್ಯಾಗ್ ಹೋಗಲಿ ಅಪ್ಪ" ಅಂದೆ, ತಲೆ ಎತ್ತದೆ. ಇನ್ನೊಂದು ಸಲ ಏನೋ ಅಂದರು. ನಾನು ಕೈ ಸನ್ನೆ ಮಾಡಿದೆ, ಇರಿ ಅಂತ. ಗಿರಾಕಿಗೆ ಮಾಡುವ ಸನ್ನೆ ಅದು. ಬಸ್ಸು ಬಂತು, ಬ್ಯಾಗ್ ಕೊಟ್ಟೆ. ತಿರುಗಿ ನೋಡಿದರೆ ಬೆಂಚಿನ ಮೇಲೆ ಹಪ್ಪಳದ ಕಟ್ಟು ಮಾತ್ರ ಇತ್ತು. ಅದೇ ಬಸ್ಸಿಗೆ ಹತ್ತಿ ಹೋಗಿದ್ದರು.

ರಾತ್ರಿ ಲೆಕ್ಕ ಸಿಕ್ಕಿತು. ಯಾರದೋ ತಿಂಗಳ ಉಳಿತಾಯದ ಒಂದು ಆರ್‌ಡಿ ಕಂತನ್ನು ಎರಡು ಸಲ ಬರೆದಿದ್ದೆ, ಅಷ್ಟೇ. ಮುಂದಿನ ಭಾನುವಾರ ಮನೆಗೆ ಹೋಗಿ "ಏನೋ ಹೇಳಬೇಕು ಅಂದಿರಲ್ಲ" ಅಂತ ಕೇಳಿದೆ. "ಏನಿಲ್ಲ ಬಿಡೋ, ನಿನಗೆ ಕೆಲಸ ಜಾಸ್ತಿ" ಅಂದರು. ಮತ್ತೆ ಕೇಳಲು ನನಗೆ ಬಾಯಿ ಬರಲಿಲ್ಲ. ಆವತ್ತಿನ ನನ್ನ ದಿನವನ್ನು ನಿನ್ನ ಪ್ಲಾನರಿನಲ್ಲಿ ಬರೆದಿದ್ದರೆ ಎಲ್ಲ ಮನೆಗೂ ಹಸಿರು ಗುರುತೇ ಬೀಳುತ್ತಿತ್ತು. ಬ್ಯಾಗ್ ಟೈಮಿಗೆ ಹೋಯಿತು. ಕ್ಯಾಶ್ ತಾಳೆಯಾಯಿತು.

ಇದನ್ನು ಯಾಕೆ ಬರೆದೆನೋ. ನಿನಗೆ ಉಪಯೋಗಕ್ಕೆ ಬರುವುದನ್ನು ಹೇಳಬೇಕಿತ್ತು. 38 ಮನೆಯಲ್ಲಿ ಮೂರು ನಾಲ್ಕನ್ನು ಖಾಲಿ ಬಿಡು ಅನ್ನಬೇಕಿತ್ತು. ನಿಮ್ಮಜ್ಜಿ ದಿನಾ ಬೆಳಿಗ್ಗೆ ಕ್ಯಾಲೆಂಡರಿನಲ್ಲಿ ರಾಹುಕಾಲ ನೋಡುತ್ತಿದ್ದಳಲ್ಲ, ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಅಂತ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೆ ದಿನಕ್ಕೆ ಒಂದೂವರೆ ಗಂಟೆ ಹೊಸ ಕೆಲಸಕ್ಕೆ ಕೈ ಹಾಕಬೇಡ ಅಂದವನು ದಡ್ಡನಂತೂ ಅಲ್ಲ. ಅಜ್ಜಿ ಆ ಹೊತ್ತಿನಲ್ಲಿ ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದಳು. ಯಾರು ಬಂದರೂ ಮಾತಿಗೆ ಸಿಗುತ್ತಿದ್ದಳು. ನಿನಗೂ ಒಂದು ರಾಹುಕಾಲ ಇರಲಿ. ಮೆಟ್ರೋದ ಹೊತ್ತನ್ನೇ ಇಟ್ಟುಕೊ, ಕಿಟಕಿ ನೋಡು.

ಮತ್ತೆ, ಮಳೆಗಾಲದಲ್ಲಿ ನಮ್ಮ ಮೇಲ್ ಬಸ್ಸು ಎಷ್ಟೋ ದಿನ ಎರಡು ಗಂಟೆ ತಡ. ಅದಕ್ಕೆ ತಕ್ಕಂತೆ ನಾವೂ ಕೆಲಸ ಹಿಂದೆ ಮುಂದೆ ಮಾಡಿಕೊಳ್ಳುತ್ತಿದ್ದೆವು. ನೀನು ಬೇಸಿಗೆಯ ಟೈಮ್‌ಟೇಬಲ್ ಹಿಡಿದು ಮಳೆಗಾಲ ನಡೆಸುತ್ತಿದ್ದೀಯ ಅಂತ ನನ್ನ ಅನುಮಾನ. ಒಂದು ಗಂಟೆ ಅಂದುಕೊಂಡ ಪಾಠಕ್ಕೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತು ಅಂತ ನಾಲ್ಕು ದಿನ ಬರೆದು ನೋಡು. ನನ್ನ ಮಾತು ತಪ್ಪಿದ್ದರೂ ಇರಬಹುದು. ಪ್ಲಾನರ್ ಹಾಕಿಕೊಂಡು ಓದಿದವನಲ್ಲ ನಾನು.

ಕಾಗದದ ಜಾಗ ಮುಗಿಯುತ್ತಾ ಬಂತು. ನೀನು ಗೀಚಿ ಹಾಕಿದ ಆ ಎರಡು ಸಾಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಿಂದಿನಿಂದಲೂ ತಿರುಗಿಸಿ ನೋಡಿದೆ. 'ಮಾವ, ಒಂದು' ಅಂತ ಕಂಡಿತು, ಮುಂದಿನದು ಓದಲಾಗಲಿಲ್ಲ. ಭಾನುವಾರ ಸಂಜೆ ಫೋನ್ ಮಾಡುತ್ತೇನೆ. ಏನು ಬರೆದಿದ್ದೆ ಹೇಳು. 'ಏನಿಲ್ಲ ಬಿಡಿ ಮಾವ' ಅಂದರೆ ಸೋಮವಾರ ಬೆಳಿಗ್ಗೆ ನಿನ್ನ ಹಾಸ್ಟೆಲ್ ಬಾಗಿಲಲ್ಲಿ ಇರುತ್ತೇನೆ. ಸಾಗರದಿಂದ ರಾತ್ರಿ ಬಸ್ಸು ಇದೆ.

ಇತಿ ನಿನ್ನ
ಮಾವ